ನನ್ನ ಮೂಗು ಅಷ್ಟು ದೊಡ್ಡದಿಲ್ಲ

ಮೊದಲೇ ಹೇಳಿಬಿಡುತ್ತೇನೆ:
ನನ್ನ ಮೂಗು ಅಷ್ಟು ದೊಡ್ಡದಿಲ್ಲ.
ಮುನೀರಾ ಅದನ್ನು ಬದನೆಕಾಯಿಯ ಹಾಗೆ ಬರೆದು
ತುದಿಗೊಂದು ಬೆವರಹನಿ ನೇತುಹಾಕಿದ್ದಾಳೆ.
ಹೊಟ್ಟೆಯ ವಿಷಯದಲ್ಲಿ ತಕರಾರಿಲ್ಲ.

ಹಳೇ ಕ್ಯಾಲೆಂಡರು, ಆಗಸ್ಟ್ ತಿಂಗಳ ಹಾಳೆ,
ಅದರ ಬೆನ್ನಿಗೆ ನೀಲಿ ಬಾಲ್‌ಪೆನ್ನಿನಲ್ಲಿ ಆರು ಮನೆ.
ಅಂಟಿಸಿದ್ದೋ, ನೂಲು ಬಿಚ್ಚುವ ಶೆಡ್ಡಿನ ಬಾಗಿಲಿಗೇ,
ಶಿಡ್ಲಘಟ್ಟದ ಅರ್ಧ ಜನ ಓಡಾಡುವ ಗಲ್ಲಿಗೆ ಮುಖಮಾಡಿ.

ಮೊದಲ ಮನೆಯಲ್ಲಿ ಮಂಚದ ತುದಿಗೆ ಕೂತಿದ್ದೇನೆ.
ತೊಡೆಯ ಮೇಲೆ ಹೊಸ ಪೈಜಾಮ,
ಕೈಯಲ್ಲಿ ಲಾಡಿ, ಲಾಡಿಯ ಮೂತಿಗೆ ಸೇಫ್ಟಿ ಪಿನ್ನು.
ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.
ಹನ್ನೊಂದಕ್ಕೆ ವಿಜಯಪುರದಲ್ಲಿ ಭಾವಮೈದುನನ ನಿಕಾ,
ಇವಳಮ್ಮ ಹಿಂದಿನ ದಿನವೇ ಹೋಗಿಯಾಗಿತ್ತು.
ನನ್ನ ಮುಖದಲ್ಲಿ ನಗು.
ಹೌದು, ನಕ್ಕಿದ್ದೆ:
ಕುದಿಯುವ ನೀರಲ್ಲಿ ಉರುಳಾಡುವ ಗೂಡಿನಿಂದ
ಕಣ್ಣಿಗೆ ಕಾಣದ ಎಳೆಯ ತುದಿಯನ್ನು
ಬೆರಳಲ್ಲೇ ಹುಡುಕಿ ಚರಕಕ್ಕೆ ಕೊಡುವವನು ನಾನು,
ಇಪ್ಪತ್ತಾರು ವರ್ಷದಿಂದ.
ಎರಡು ಮೊಳ ಸೊಂಟ, ಮೂರು ಮೊಳ ಲಾಡಿ,
ಏನು ಮಹಾ?

ಎರಡನೆಯ ಮನೆ. ಪಿನ್ನು ಒಳಗೆ ಹೋಗಿದೆ.
ಸೊಂಟದ ಮಡಿಕೆಯಲ್ಲಿ ಒಂದು ಉಬ್ಬು,
ಹಾವು ಇಲಿ ನುಂಗಿದ ಹಾಗೆ.
ಹಿಂದಿನಿಂದ ನೂಕು, ಮುಂದಿನಿಂದ ಜಗ್ಗು,
ನೆರಿಗೆ ಬಿಡಿಸು, ಮತ್ತೆ ನೂಕು.
ನನ್ನ ನಾಲಗೆ ತುಟಿಯಂಚಿಗೆ ಬಂದಿದೆ.
ಬಾಗಿಲ ಸಂದಿಯಿಂದ ಅದನ್ನೂ ನೋಡಿದಳಲ್ಲ!

ಮೂರನೆಯದು ಬರೀ ಹೆಬ್ಬೆರಳು.
ಇಡೀ ಮನೆ ತುಂಬ ಹೆಬ್ಬೆರಳು,
ಸುತ್ತ ನಕ್ಷತ್ರ, ಮೇಲೆ ದಪ್ಪಕ್ಷರದಲ್ಲಿ ‘ಯಾ ಅಲ್ಲಾ’.
ನಡುದಾರಿಯಲ್ಲಿ ಬಾಯಿಬಿಟ್ಟಿತ್ತು ಪಿನ್ನು.
ನಾನು ಅಂದದ್ದು ಬೇರೆ; ಮಗಳು ಮರ್ಯಾದೆ ಉಳಿಸಿದ್ದಾಳೆ.

ನಾಲ್ಕನೆಯ ಮನೆಯಲ್ಲಿ ನಾನೇ ಇಲ್ಲ.
ಪೈಜಾಮದ ಒಂದು ಕಾಲಿನಿಂದ ಎರಡು ಪಾದ ಹೊರಗಿವೆ,
ಇನ್ನೊಂದು ಕಾಲಿನಿಂದ ಟಾರ್ಚಿನ ಬೆಳಕು.
ಶುದ್ಧ ಸುಳ್ಳು.
ಟಾರ್ಚು ಹಿಡಿದದ್ದು ಹೊರಗಿನಿಂದಲೇ.

ಐದನೆಯದರಲ್ಲಿ ಪಿನ್ನು ಹೊರಬಂದಿದೆ!
ಎದ್ದು ಕುಣಿಯುತ್ತಿದ್ದೇನೆ, ಹೊಟ್ಟೆ ಬೇರೆ ತಾಳಕ್ಕೆ ಕುಣಿಯುತ್ತಿದೆ,
ಖುಷಿಗೆ ಒಂದೇ ಜಗ್ಗು ಜಗ್ಗಿದ್ದೇನೆ,
ಆಚೆ ತುದಿಯಲ್ಲಿ ಲಾಡಿಯ ಬಾಲ
ಹಲ್ಲಿಯಂತೆ ಸಂದಿಗೆ ನುಸುಳುತ್ತಿದೆ.
ಅದಕ್ಕೆ ಎರಡು ಕಣ್ಣು, ಒಂದು ನಗು ಇಟ್ಟಿದ್ದಾಳೆ.

ಈಗ ಬೆಳಿಗ್ಗೆ ಐದಕ್ಕೇ ಶುರು.
ಒಲೆಗೆ ಸೌದೆ ತುಂಬುತ್ತ ವೆಂಕಟಲಚ್ಚಮ್ಮ ಕೇಳುತ್ತಾಳೆ,
“ಸಾವ್ಕಾರ್ರೇ, ತುದಿ ಸಿಕ್ತಾ?”
ಗೂಡಿನದು ಕೇಳುತ್ತಿದ್ದಾಳೋ, ಲಾಡಿಯದೋ.
ಹುಡುಗರು ಹಬೆಯಲ್ಲಿ ಮುಖ ಬಚ್ಚಿಟ್ಟು ನಗುತ್ತಾರೆ.
ಗೂಡಿನ ಹರಾಜಿನಲ್ಲೂ ಯಾರೋ ಒಂದು ಪಿನ್ನು ಕೊಟ್ಟರು,
“ಇಟ್ಕೊಳ್ಳಿ ಚಾಂದ್ ಭಾಯ್, ಇರಲಿ.”

ಆರನೆಯ ಮನೆ ನಾನು ತಡವಾಗಿ ನೋಡಿದೆ.
ಊಟದ ಸಾಲಿನಲ್ಲಿ ಎಲ್ಲರೂ ಬಿರಿಯಾನಿಗೆ ಬಾಗಿದ್ದಾರೆ,
ನಾನೊಬ್ಬ ನೆಟ್ಟಗೆ, ಎಡಗೈ ಸೊಂಟದ ಮೇಲೆ.
ಜುಬ್ಬಾದ ಕೆಳಗೆ ಇಣುಕುತ್ತಿದೆ
ಗೂಡಿನ ಮೂಟೆ ಕಟ್ಟುವ ಸೆಣಬಿನ ಹುರಿ.
ಮೂಲೆಯಲ್ಲಿ, ಉಗುರಿನಷ್ಟು ಚಿಕ್ಕದಾಗಿ, ಇವಳಮ್ಮ:
ಮಡಿಲಲ್ಲಿ ಯಾರ ಮನೆಯದೋ ಲಂಗ,
ಲಾಡಿಯ ಬಾಲ ಹಲ್ಲಲ್ಲಿ ಕಚ್ಚಿ,
ಕಚ್ಚಿದ ಹಲ್ಲಲ್ಲೇ ಪಕ್ಕದವಳೊಡನೆ ಹರಟುತ್ತ,
ಬೆರಳ ಕಡೆ ನೋಡದೆಯೇ,
ಪೂರ್ತಿ ಒಂದು ಸುತ್ತು ಮುಗಿಸಿದ್ದಾಳೆ.

ಓಹೋ, ಹಲ್ಲಲ್ಲಿ ಕಚ್ಚಬೇಕಿತ್ತು.
ಇಷ್ಟು ವರ್ಷ ನನ್ನ ಪೈಜಾಮಗಳಿಗೆ
ಲಾಡಿ ತಾನಾಗಿಯೇ ಬೆಳೆಯುತ್ತದೆ ಅಂದುಕೊಂಡಿದ್ದೆನೇನೋ.

ಮುನೀರಾಳನ್ನು ಕರೆದು ಹೇಳಿದೆ:
ಎಲ್ಲಾ ಸರಿಯಮ್ಮ, ಆ ಮೂಗೊಂದು ಸ್ವಲ್ಪ ಅಳಿಸು.
ರಬ್ಬರು ತಂದಳು ಪಾಪ, ಎಂಜಲು ಹಚ್ಚಿ ತಿಕ್ಕಿದಳು.
ಬಾಲ್‌ಪೆನ್ನು ಅಳಿಯುತ್ತದೆಯೇ?
ಹರಡಿತು.
ಈಗ ಇನ್ನೂ ದೊಡ್ಡದಾಗಿದೆ.